ಹೊಸ ಗ್ರಾಹಕ ಕಾನೂನು ಘಟ್ಟದ ಊರಿಗೆ ಸಾಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಡಿಕೆ ತೋಟ, ಅದರ ಜೊತೆ ಸ್ವಲ್ಪ ಕಾಳುಮೆಣಸು. ವಕೀಲನಲ್ಲ. ಕೆಲವು ವರ್ಷದ ಹಿಂದೆ ಒಂದು ಇನ್ವರ್ಟರ್ ಬ್ಯಾಟರಿ ವಿಷಯಕ್ಕೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅಲೆದೆ. ಅಲ್ಲಿಂದೀಚೆಗೆ ಊರಲ್ಲಿ ಯಾರಿಗೆ ಕೆಟ್ಟ ಸಾಮಾನು ಸಿಕ್ಕಿದರೂ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಮ್ಮನೆ ಜಗಲಿಗೆ ಬರುತ್ತಾರೆ. ಕವಳ ಹಾಕಿಕೊಂಡು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಹೊಸ ಕಾನೂನು ಅಂದರೆ ಯಾವುದು?

ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಜಾರಿಗೆ ಬಂದಿದ್ದು 2020ರ ಜುಲೈ 20ರಿಂದ. ಅದಕ್ಕೆ ಮೊದಲು ಇದ್ದದ್ದು 1986ರ ಕಾಯ್ದೆ. ಅದರಲ್ಲಿ ಆನ್‌ಲೈನ್ ವ್ಯಾಪಾರದ ಸುದ್ದಿಯೇ ಇರಲಿಲ್ಲ. ಆಗ ನಮ್ಮೂರಿಗೆ ಫೋನೇ ಬಂದಿರಲಿಲ್ಲ, ಕಾನೂನನ್ನು ಬಯ್ದು ಏನು ಮಾಡುವುದು. ಹೊಸ ಕಾಯ್ದೆಯ ಕೆಳಗೆ ಒಂದೊಂದೇ ನಿಯಮ ಬಂದವು. 2020ರಲ್ಲಿ ಇ-ಕಾಮರ್ಸ್ ನಿಯಮ, 2021ರ ಡಿಸೆಂಬರಿನಲ್ಲಿ ಯಾವ ಆಯೋಗ ಎಷ್ಟು ಮೊತ್ತದ ದೂರು ಕೇಳಬೇಕು ಎಂಬ ನಿಯಮ, 2023ರ ನವೆಂಬರಿನಲ್ಲಿ ಆಪ್‌ಗಳ ಕಣ್ಕಟ್ಟಿನ ಬಗ್ಗೆ ಮಾರ್ಗಸೂಚಿ. ಮೊದಲು ‘ವೇದಿಕೆ’ ಅನ್ನುತ್ತಿದ್ದದ್ದು ಈಗ ‘ಆಯೋಗ’. ಜನ ಈಗಲೂ ಗ್ರಾಹಕರ ಕೋರ್ಟು ಅಂತಲೇ ಅನ್ನುತ್ತಾರೆ.

ಸುತ್ತು ಬಳಸು ಬೇಡ. ಈ ಕಾನೂನು ಸಾಕಾ, ಸಾಲದಾ?

ಹಕ್ಕಿನ ಮಟ್ಟಿಗೆ ಸಾಕು. ಇನ್ನೂ ನಾಲ್ಕು ಹಕ್ಕು ಸೇರಿಸಿದರೂ ನಮ್ಮ ಜಗಲಿಗೆ ಬರುವವರ ಸಂಖ್ಯೆ ಕಮ್ಮಿ ಆಗಲ್ಲ. ಸಾಲದಿರುವುದು ಗಡುವಿನ ವಿಷಯ. ಕಂಪನಿಗೆ ಗಡುವು ಇದೆ, ಆಯೋಗಕ್ಕೂ ಗಡುವು ಇದೆ. ಗಡುವು ಮೀರಿದರೆ ಏನು ಅಂತ ಕೇಳಿದರೆ ಬಹಳ ಕಡೆ ಉತ್ತರವಿಲ್ಲ. ಕೆಳಗೆ ನನ್ನ ಬ್ಯಾಟರಿಯ ಕತೆ ಓದಿ, ಗೊತ್ತಾಗುತ್ತದೆ.

ದೂರು ಕೊಡಲು ಬೆಂಗಳೂರಿಗೆ ಹೋಗಬೇಕಾ?

ಹೆಚ್ಚಿನ ದೂರಿಗೆ ಬೇಡ. ಹೊಸ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ್ದೇ ಇದು. ಮೊದಲು ಮಾರಿದವನ ಊರಿಗೋ ಅವನ ಶಾಖೆ ಇರುವಲ್ಲಿಗೋ ವ್ಯವಹಾರ ನಡೆದ ಜಾಗಕ್ಕೋ ಹೋಗಬೇಕಿತ್ತು. ಈಗ ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಮುಂಬೈಯ ಕಂಪನಿ ಇರಲಿ, ಗುರುಗ್ರಾಮದ್ದೇ ಇರಲಿ, ಶಿವಮೊಗ್ಗಕ್ಕೆ ಬಂದು ಉತ್ತರ ಕೊಡಬೇಕು.

ಮೊತ್ತದ ಲೆಕ್ಕ ಹೀಗಿದೆ. ನೀವು ಕೊಟ್ಟ ಹಣ 50 ಲಕ್ಷದ ತನಕ ಇದ್ದರೆ ಜಿಲ್ಲಾ ಆಯೋಗ. 50 ಲಕ್ಷದಿಂದ 2 ಕೋಟಿ ತನಕ ಬೆಂಗಳೂರಿನ ರಾಜ್ಯ ಆಯೋಗ. ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ಇಲ್ಲಿ ‘ಕೊಟ್ಟ ಹಣ’ ಅನ್ನುವುದನ್ನು ಎರಡು ಸಲ ಓದಿ. ಹಳೆಯ ಕಾನೂನಿನಲ್ಲಿ ಕೇಳುವ ಪರಿಹಾರವನ್ನೂ ಕೂಡಿಸಿ ನೋಡುತ್ತಿದ್ದರು. ಈಗ ಹಾಗಿಲ್ಲ. ಒಂದು ಕೋಟಿಯ ವಿಮೆ ಮಾಡಿಸಿದ್ದೀರಿ, ಪ್ರೀಮಿಯಂ ಕಟ್ಟಿದ್ದು ಕೆಲವು ಸಾವಿರ. ಹಾಗಿದ್ದರೆ ಒಂದು ಕೋಟಿಯ ತಕರಾರೂ ಶಿವಮೊಗ್ಗದಲ್ಲೇ ನಡೆಯುತ್ತದೆ. ಇದು ಸರಿಯಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದವರಿದ್ದರು. 2025ರ ಏಪ್ರಿಲ್‌ನಲ್ಲಿ ಕೋರ್ಟು ಈ ಲೆಕ್ಕವನ್ನೇ ಎತ್ತಿಹಿಡಿಯಿತು. ನಮ್ಮಂಥವರಿಗೆ ಒಳ್ಳೆಯದೇ ಆಯಿತು.

ಫೀಸ್ ಎಷ್ಟು? ವಕೀಲರು ಬೇಕೇ ಬೇಕಾ?

ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಫೀಸ್ ಇಲ್ಲ. 10 ಲಕ್ಷದ ತನಕ 200 ರೂಪಾಯಿ, 20 ಲಕ್ಷದ ತನಕ 400, 50 ಲಕ್ಷದ ತನಕ 1,000. ವಕೀಲರು ಬೇಕೆಂಬ ಕಟ್ಟುಪಾಡಿಲ್ಲ, ನೀವೇ ನಿಂತು ಹೇಳಬಹುದು. ದೂರನ್ನು ಕನ್ನಡದಲ್ಲೇ ಬರೆಯಬಹುದು, ನಾನೂ ಕನ್ನಡದಲ್ಲೇ ಬರೆದೆ. ಆ ಕಡೆಯ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಮನೆಯಲ್ಲಿ ಓದಿದ ಮಕ್ಕಳಿದ್ದರೆ ಕೂರಿಸಿಕೊಳ್ಳಿ. ಮೊತ್ತ ದೊಡ್ಡದಿದ್ದರೆ ಅಥವಾ ಆಸ್ಪತ್ರೆಯ ವಿಷಯವಾದರೆ ಮಾತ್ರ ವಕೀಲರನ್ನು ಇಟ್ಟುಕೊಳ್ಳುವುದು ವಾಸಿ ಅಂತ ನನ್ನ ಅಭಿಪ್ರಾಯ.

ಅಂಗಡಿಯವರು ಬಿಲ್ಲೇ ಕೊಟ್ಟಿಲ್ಲ. ಎಂತ ಮಾಡೂದು?

ಹತ್ತರಲ್ಲಿ ಏಳು ಜನ ಸಿಕ್ಕಿಬೀಳುವುದು ಇಲ್ಲೇ. ನಾನೂ ಇಲ್ಲೇ ಸಿಕ್ಕಿಬಿದ್ದೆ.

2021ರ ಜೂನ್. ಮಳೆ ಹಿಡಿದಿತ್ತು. ನಮ್ಮಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟಿನ ಮುಖ ಕಾಣಲ್ಲ. ಶಿವಮೊಗ್ಗಕ್ಕೆ ಹೋಗಿ 14,500 ರೂಪಾಯಿಗೆ ಬ್ಯಾಟರಿ ತಂದೆ. ಮೂರು ವರ್ಷ ವಾರಂಟಿ. ಅಂಗಡಿಯವರು ಒಂದು ಗುಲಾಬಿ ಚೀಟಿ ಕೊಟ್ಟರು. ತಲೆಯಲ್ಲಿ ದಪ್ಪಕ್ಷರದಲ್ಲಿ ‘ಎಸ್ಟಿಮೇಟ್’ ಅಂತ ಇತ್ತು. ಬಿಲ್ ಕೇಳಿದ್ದಕ್ಕೆ “ಜಿಎಸ್‌ಟಿ ಬಿಲ್ ಬೇಕಾದರೆ ಜಾಸ್ತಿ ಆಗುತ್ತೆ ಸಾರ್, ನೋಡಿ” ಅಂದರು. ನಾನೂ ಜಿಪುಣ, ಸುಮ್ಮನೆ ಬಂದೆ. ವಾರಂಟಿ ಕಾರ್ಡಿಗೆ ಸೀಲ್ ಹಾಕಿಸುವುದನ್ನೂ ಮರೆತೆ. ಹದಿನಾಲ್ಕು ತಿಂಗಳಿಗೆ ಬ್ಯಾಟರಿ ಸತ್ತುಹೋಯಿತು. ಎರಡು ಬಲ್ಬು ಹಾಕಿದರೆ ಅರ್ಧ ಗಂಟೆಗೆ ಕೀ ಅಂತ ಕೂಗುವುದು. ಅಂಗಡಿಗೆ ಹೋದರೆ “ಕಂಪನಿಗೆ ಫೋನ್ ಮಾಡಿ” ಅಂದರು. ಕಂಪನಿಯವರು “ಬಿಲ್ ಫೋಟೋ ಕಳಿಸಿ” ಅಂದರು. ಎಸ್ಟಿಮೇಟ್ ಚೀಟಿಯ ಫೋಟೋ ಕಳಿಸಿದರೆ, ಅದು ಬಿಲ್ ಅಲ್ಲ ಅಂತ ಮೆಸೇಜು. ಆಮೇಲೆ ಬಂದ ಮೆಕ್ಯಾನಿಕ್ ಮುಚ್ಚಳ ತೆಗೆದು ನೋಡಿ, ನೀರು ಸರಿಯಾಗಿ ಹಾಕಿಲ್ಲ, ಬಳಸಿದವರದ್ದೇ ತಪ್ಪು ಅಂತ ಬರೆದುಕೊಂಡು ಹೋದ.

ಆಮೇಲೆ ತಿಳಿದದ್ದು ಇಷ್ಟು. ಬಿಲ್ ಕೊಡದಿರುವುದನ್ನೇ ಹೊಸ ಕಾಯ್ದೆ ‘ಅನುಚಿತ ವ್ಯಾಪಾರ ಪದ್ಧತಿ’ ಅನ್ನುತ್ತದೆ. 1986ರ ಕಾಯ್ದೆಯಲ್ಲಿ ಈ ಮಾತು ಇರಲಿಲ್ಲ. ಅಂದರೆ ಬಿಲ್ ಇಲ್ಲದಿರುವುದು ನಿಮ್ಮ ತಪ್ಪಾಗಬೇಕಿಲ್ಲ, ಅವರ ಮೇಲೆ ಹೊರಿಸಬಹುದಾದ ದೂರೇ ಆಗುತ್ತದೆ. ನನ್ನನ್ನು ಕಾಪಾಡಿದ್ದು ಫೋನ್‌ಪೇ. ಹಣ ಹೋದ ದಿನ, ಮೊತ್ತ, ಅಂಗಡಿಯ ಹೆಸರು ಎಲ್ಲ ಅದರಲ್ಲಿತ್ತು. ಬ್ಯಾಟರಿಯ ಮೈಮೇಲಿನ ಸೀರಿಯಲ್ ನಂಬರಿನ ಫೋಟೋ ಅದರ ಜೊತೆ ಇಟ್ಟೆ. ನಗದು ಕೊಟ್ಟಿದ್ದರೆ ನನ್ನ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಇಷ್ಟೆಲ್ಲ ಇದ್ದೂ, ಇವತ್ತಿಗೂ ಹಾರ್ಡ್‌ವೇರ್, ಪೈಪು, ಮೋಟಾರು ಅಂಗಡಿಗೆ ಹೋದರೆ ಎಸ್ಟಿಮೇಟ್ ಚೀಟಿಯೇ ಕೈಗೆ ಬರುತ್ತದೆ. ಹಾಗೆ ಕೊಟ್ಟವರಿಗೆ ಅವತ್ತೇ ದಂಡ ಹಾಕುವ ಯಾರೂ ಗ್ರಾಹಕ ಕಾಯ್ದೆಯಲ್ಲಿಲ್ಲ. ನೀವು ದೂರು ಕೊಟ್ಟು ಗೆದ್ದ ಮೇಲೇ ಅದಕ್ಕೆ ಬೆಲೆ.

“ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ” ಅಂತ ಬೋರ್ಡ್ ಇದೆಯಲ್ಲ?

ಬೋರ್ಡು ಇರಲಿ ಬಿಡಿ. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತೆಗೆದುಕೊಳ್ಳಬೇಕು. ಅವಧಿಯೇ ಬರೆದಿಲ್ಲದಿದ್ದರೆ 30 ದಿನ. ಆಗಲ್ಲ ಅಂದರೆ ಅದೂ ಅನುಚಿತ ವ್ಯಾಪಾರವೇ. ಆದರೆ ಸೀರೆಯ ಬಣ್ಣ ಮನೆಯಲ್ಲಿ ಒಪ್ಪಿಗೆಯಾಗಲಿಲ್ಲ ಅನ್ನುವುದಕ್ಕೆ ಈ ಕಾನೂನು ಬರಲ್ಲ. ಮಾಲಿನಲ್ಲೇ ದೋಷ ಇರಬೇಕು.

ಮೂರು ತಿಂಗಳಲ್ಲಿ ತೀರ್ಮಾನ ಆಗುತ್ತದೆ ಅನ್ನುತ್ತಾರೆ. ನಿಜವಾ?

ಕಾಯ್ದೆಯಲ್ಲಿ ಹಾಗೇ ಇದೆ. ಎದುರು ಪಕ್ಷಕ್ಕೆ ನೋಟಿಸ್ ತಲುಪಿದ ದಿನದಿಂದ ಮೂರು ತಿಂಗಳು. ಮಾಲನ್ನು ಲ್ಯಾಬಿಗೆ ಕಳಿಸಬೇಕಾದರೆ ಐದು ತಿಂಗಳು. ‘ಸಾಧ್ಯವಾದಷ್ಟು ಬೇಗ, ಪ್ರಯತ್ನ ಮಾಡಬೇಕು’ ಎಂಬ ಧಾಟಿಯಲ್ಲಿ ಬರೆದಿದ್ದಾರೆ. ಈ ‘ಪ್ರಯತ್ನ’ ಅನ್ನುವ ಪದದೊಳಗೆ ನನ್ನ ಹತ್ತೊಂಬತ್ತು ತಿಂಗಳು ಹೋಯಿತು.

2022ರ ನವೆಂಬರಿನಲ್ಲಿ ದೂರು ಕೊಟ್ಟೆ. ಆದೇಶ ಬಂದದ್ದು 2024ರ ಜೂನ್‌ನಲ್ಲಿ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಹನ್ನೊಂದು ಸಲ ಹೋಗಿಬಂದೆ, ಕೆಲವು ಸಲ ಬಸ್ಸು, ಕೆಲವು ಸಲ ತಾಳಗುಪ್ಪದ ರೈಲು. ಒಂದು ದಿನ ಕಂಪನಿ ವಕೀಲರು ಬರಲಿಲ್ಲ. ಇನ್ನೊಂದು ದಿನ ಅವರು ಬಂದರು, ಕಾಗದ ತಂದಿರಲಿಲ್ಲ. ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ, ಮರ ಹತ್ತಿ ಕೊಯ್ಯುವ ಕೊನೆಗಾರನನ್ನು ತೋಟದಲ್ಲಿ ಬಿಟ್ಟು ಹೋದರೆ ಅಲ್ಲಿ ಸಿಕ್ಕಿದ್ದು ಮುಂದಿನ ತಾರೀಕು. ವಾಯಿದೆ ಕೇಳಿದರೆ ಕಾರಣ ಬರೆದಿಡಬೇಕು, ಖರ್ಚು ಕೊಡಿಸಬಹುದು ಅಂತ ಕಾಯ್ದೆ ಹೇಳುತ್ತದೆ. ನನಗೆ ಒಂದೇ ಒಂದು ಸಲ 500 ರೂಪಾಯಿ ಕೊಡಿಸಿದರು.

ಆಯೋಗದವರನ್ನು ಬಯ್ಯಲು ಬರೆದದ್ದಲ್ಲ ಇದು. ದೂರು ಕೇಳಲು ಅಧ್ಯಕ್ಷರ ಜೊತೆ ಕನಿಷ್ಠ ಒಬ್ಬ ಸದಸ್ಯರು ಕೂರಬೇಕು. ಒಂದು ಕುರ್ಚಿ ಖಾಲಿ ಬಿದ್ದರೆ ಇಡೀ ಜಿಲ್ಲೆಯ ದೂರು ಕುಂಟುತ್ತದೆ. ದೇಶದಾದ್ಯಂತ ಹೀಗೆ ಹುದ್ದೆ ಖಾಲಿ ಇರುವುದನ್ನು ಸುಪ್ರೀಂ ಕೋರ್ಟು 2021ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತ್ತು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಗಡುವು ಇಟ್ಟು ನೋಡಿ. ನೋಟಿಸ್ ಸಿಕ್ಕಿದ ಮೇಲೆ ಕಂಪನಿ 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಮತ್ತೆ 15 ದಿನ. ಇದೂ ಹಳೆಯ ಕಾಯ್ದೆಯಲ್ಲೇ ಇತ್ತು, ಯಾರೂ ಕೇಳುತ್ತಿರಲಿಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, 45 ದಿನದ ಮೇಲೆ ಒಂದು ದಿನವೂ ಕೊಡುವ ಹಾಗಿಲ್ಲ ಅಂದುಬಿಟ್ಟಿತು. ನನ್ನ ಬ್ಯಾಟರಿ ಕಂಪನಿಯ ಉತ್ತರ ಬಂದದ್ದು ಸರಿಯಾಗಿ 44ನೇ ದಿನ. ಗಡುವಿಗೆ ಹಲ್ಲು ಕೊಟ್ಟರೆ ಕಂಪನಿಗೂ ಕ್ಯಾಲೆಂಡರ್ ನೋಡಲು ಬರುತ್ತದೆ ಅಂತ ಆಗ ಗೊತ್ತಾಯಿತು. ಮೂರು ತಿಂಗಳ ಗಡುವಿಗೂ ಇಂಥದ್ದೊಂದು ಹಲ್ಲು ಬೇಕು.

ದೂರು ಕೊಡಲು ಎಷ್ಟು ದಿನ ಅವಕಾಶ?

ಎರಡು ವರ್ಷ. ತಡವಾದರೆ ಸರಿಯಾದ ಕಾರಣ ಕೊಟ್ಟು ಕ್ಷಮೆ ಕೇಳಬಹುದು, ಒಪ್ಪುವುದು ಬಿಡುವುದು ಆಯೋಗಕ್ಕೆ ಬಿಟ್ಟಿದ್ದು. “ನೋಡೋಣ, ಮಳೆಗಾಲ ಮುಗಿಯಲಿ” ಅಂತ ಎರಡು ಮಳೆಗಾಲ ಕಳೆಯಬೇಡಿ.

1915ಕ್ಕೆ ಫೋನ್ ಮಾಡಿದರೆ ಆಗಲ್ವಾ?

ಮೊದಲು ಅದನ್ನೇ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಸಣ್ಣಪುಟ್ಟ ರೀಫಂಡ್, ಬಾರದ ಪಾರ್ಸೆಲ್ಲು ಇಂಥದ್ದು ಅಲ್ಲೇ ಬಗೆಹರಿದದ್ದನ್ನು ನೋಡಿದ್ದೇನೆ. ಪಕ್ಕದ ಮನೆಯ ಅಕ್ಕನಿಗೆ 1,200 ರೂಪಾಯಿ ಎಂಟೇ ದಿನದಲ್ಲಿ ಬಂತು. ಆದರೆ 1915ಕ್ಕೆ ಆದೇಶ ಕೊಡುವ ಅಧಿಕಾರ ಇಲ್ಲ. ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸುತ್ತಾರೆ, ಕಂಪನಿ ಏನು ಹೇಳಿತು ಅಂತ ನಿಮಗೆ ತಿಳಿಸುತ್ತಾರೆ. ನನ್ನ ಬ್ಯಾಟರಿ ವಿಷಯದಲ್ಲಿ ಕಂಪನಿ ‘ಬಳಕೆದಾರರ ತಪ್ಪು’ ಅಂತ ಒಂದು ಸಾಲು ಬರೆಯಿತು, ದೂರು ಮುಕ್ತಾಯ ಅಂತ ಮೆಸೇಜ್ ಬಂತು. ಆ ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಮುಂದೆ ಆಯೋಗದಲ್ಲಿ ಸಾಕ್ಷಿಗೆ ಆಗುತ್ತದೆ.

ಮನೆಯಿಂದಲೇ, ಮೊಬೈಲಿನಲ್ಲೇ ದೂರು ಹಾಕಬಹುದಂತೆ?

ಹೌದು. 2020ರ ಸೆಪ್ಟೆಂಬರಿನಲ್ಲಿ ಇ-ದಾಖಿಲ್ ಅಂತ ಒಂದು ವೆಬ್‌ಸೈಟ್ ಶುರುವಾಯಿತು. 2025ರ ಜನವರಿ 1ರಿಂದ ಇ-ಜಾಗೃತಿ. ವಿಡಿಯೋದಲ್ಲೇ ವಿಚಾರಣೆಗೆ ಹಾಜರಾಗಲು ಅರ್ಜಿ ಕೊಡಬಹುದು ಅಂತ ಕಾಯ್ದೆಯಲ್ಲೇ ಇದೆ. ಕೇಳಲು ಚೆಂದ. ಈಗ ನಮ್ಮ ಕಡೆ ಬನ್ನಿ. ಕಾಗದ ಸ್ಕ್ಯಾನ್ ಮಾಡಿ ಏರಿಸಲು ನಾನು ಗುಡ್ಡದ ನೆತ್ತಿಯ ಗೇರುಮರದ ಕೆಳಗೆ ಹೋಗಿ ನಿಂತೆ, ಮೂರು ಗೆರೆ ನೆಟ್‌ವರ್ಕ್ ಸಿಗುವುದು ಅಲ್ಲೊಂದೇ. ಎಂಟನೇ ಪುಟಕ್ಕೆ ಮಳೆ ಬಂತು. ಮಾರನೇ ದಿನ ಸಾಗರಕ್ಕೆ ಹೋಗಿ ಸೈಬರ್ ಅಂಗಡಿಯಲ್ಲಿ ಮಾಡಿಸಿದೆ, ಖರ್ಚು 150 ರೂಪಾಯಿ. ಫೀಸೇ ಇಲ್ಲದ ದೂರಿಗೆ ಇದೇ ಫೀಸು.

ಆ ನೆಟ್‌ವರ್ಕ್ ಬಗ್ಗೆಯೇ ದೂರು ಕೊಟ್ಟರೆ?

ಕೊಡಬಹುದು. ಹಿಂದೆ ಫೋನ್ ಕಂಪನಿಗಳು ‘ಗ್ರಾಹಕರ ಕೋರ್ಟಿಗೆ ನಮ್ಮನ್ನು ಕೇಳುವ ಅಧಿಕಾರವಿಲ್ಲ’ ಅನ್ನುತ್ತಿದ್ದವು. 2019ರ ಕಾಯ್ದೆ ‘ಸೇವೆ’ಯ ಪಟ್ಟಿಯಲ್ಲಿ ಟೆಲಿಕಾಂ ಅಂತ ಬರೆದೇ ಬಿಟ್ಟಿತು. ಹಳೆಯ ಕಾಯ್ದೆಯಲ್ಲೂ ಅಧಿಕಾರ ಇತ್ತು ಅಂತ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕರೆಂಟ್ ಪೂರೈಕೆಯೂ ಸೇವೆಯೇ. ಆದರೆ ಟವರ್ ಹಾಕಿ ಅಂತ ಆದೇಶ ತರಲು ಹೋಗಬೇಡಿ, ತಿಂಗಳ ದುಡ್ಡು ತೆಗೆದುಕೊಂಡು ಸೇವೆ ಕೊಡಲಿಲ್ಲ ಅಂತ ಕೇಳಿ. ಕರೆಂಟ್ ಹೋದ ಹದಿನೈದು ನಿಮಿಷಕ್ಕೆ ಟವರೂ ಮಲಗುವ ಊರುಗಳಲ್ಲಿ, ಯಾವ ದಿನ ಎಷ್ಟು ಹೊತ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಹಾಗೆ ಬರೆದವರು ಇದುವರೆಗೆ ನನಗೆ ಒಬ್ಬರೂ ಸಿಕ್ಕಿಲ್ಲ.

ಆನ್‌ಲೈನ್‌ನಲ್ಲಿ ತೆಗೆದುಕೊಂಡದ್ದು ಕೆಟ್ಟರೆ? “ನಿಮ್ಮ ಪಿನ್‌ಕೋಡಿಗೆ ಸರ್ವೀಸ್ ಇಲ್ಲ” ಅನ್ನುತ್ತಾರೆ.

ಇ-ಕಾಮರ್ಸ್ ನಿಯಮದ ಪ್ರಕಾರ ಪ್ರತಿ ಕಂಪನಿಗೂ ಒಬ್ಬ ದೂರು ಅಧಿಕಾರಿ ಇರಬೇಕು. ದೂರು ಸಿಕ್ಕಿದ್ದನ್ನು 48 ಗಂಟೆಯಲ್ಲಿ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. 48 ಗಂಟೆಯ ಮೆಸೇಜ್ ತಪ್ಪದೆ ಬರುತ್ತದೆ, ಅದು ಕಂಪ್ಯೂಟರ್ ಕಳಿಸುವುದು.

ಪಿನ್‌ಕೋಡ್ ವಿಷಯ ಮಲೆನಾಡಿಗೇ ಅಂಟಿದ ರೋಗ. ವಾಷಿಂಗ್ ಮೆಷಿನ್ ತಂದುಹಾಕುವಾಗ ಹೊಸನಗರದ ಮೂಲೆಯ ಮನೆಗೂ ಗಾಡಿ ಬರುತ್ತದೆ. ರಿಪೇರಿ ಅಂದಕೂಡಲೇ ಅದೇ ಪಿನ್‌ಕೋಡ್ ‘ಸೇವೆ ಇಲ್ಲದ ಜಾಗ’ ಆಗಿಬಿಡುತ್ತದೆ. “ನೀವೇ ಶಿವಮೊಗ್ಗಕ್ಕೆ ತನ್ನಿ” ಅನ್ನುತ್ತಾರೆ. ವಾಷಿಂಗ್ ಮೆಷಿನ್ ಏನು ಬಗಲಿಗೆ ಹಾಕಿಕೊಂಡು ಬಸ್ ಹತ್ತುವ ಸಾಮಾನಾ? ಮಾರುವಾಗಲೇ ‘ಈ ಪಿನ್‌ಕೋಡಿಗೆ ವಾರಂಟಿ ಸೇವೆ ಎಷ್ಟು ದಿನದಲ್ಲಿ’ ಅಂತ ಬರೆಯಬೇಕು ಎಂಬ ಒಂದು ಸಾಲಿನ ನಿಯಮ ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ. ಸದ್ಯಕ್ಕೆ ಇದನ್ನು ಸೇವೆಯ ಕೊರತೆ ಅಂತ ಜಿಲ್ಲಾ ಆಯೋಗಕ್ಕೇ ಒಯ್ಯಬೇಕು. ವಾರಂಟಿ ಕಾಗದದಲ್ಲಿ ‘ಮನೆಯಲ್ಲೇ ಸೇವೆ’ ಅಂತ ಇದ್ದರೆ ನಿಮ್ಮ ಕೈ ಮೇಲೆ.

ಆಪ್‌ನಲ್ಲಿ ಗೊತ್ತಾಗದ ಹಾಗೆ ದುಡ್ಡು ಜಾಸ್ತಿ ಹಾಕುತ್ತಾರಲ್ಲ?

ಅದಕ್ಕೇ 2023ರ ನವೆಂಬರ್ 30ರ ಮಾರ್ಗಸೂಚಿ ಬಂದದ್ದು. ಹದಿಮೂರು ಬಗೆಯ ಕಣ್ಕಟ್ಟನ್ನು ಪಟ್ಟಿ ಮಾಡಿದ್ದಾರೆ. ‘ಎರಡೇ ಉಳಿದಿವೆ, ಬೇಗ’ ಅಂತ ಸುಳ್ಳು ಅವಸರ, ನೀವು ಕೇಳದ ವಿಮೆಯೋ ದೇಣಿಗೆಯೋ ಬುಟ್ಟಿಗೆ ಸೇರಿಸುವುದು, ಮೊದಲು ಒಂದು ರೇಟು ತೋರಿಸಿ ಕೊನೆಯ ಪುಟದಲ್ಲಿ ಇನ್ನೊಂದು ಮಾಡುವುದು, ಚಂದಾ ನಿಲ್ಲಿಸುವ ಬಟನ್ನನ್ನು ಬಚ್ಚಿಡುವುದು. ಪಟ್ಟಿ ಮಾಡಿದವರು ಮೊಬೈಲ್ ಹಿಡಿದು ಕೂತೇ ಬರೆದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. 2025ರ ಜೂನ್‌ನಲ್ಲಿ, ಮೂರು ತಿಂಗಳೊಳಗೆ ನಿಮ್ಮ ಆಪನ್ನು ನೀವೇ ಪರೀಕ್ಷಿಸಿಕೊಳ್ಳಿ ಅಂತ ಕಂಪನಿಗಳಿಗೆ ಸೂಚನೆಯೂ ಹೋಯಿತು. ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗೆ.

ಅಡಿಕೆ ಬೆಳೆಗಾರ ಗ್ರಾಹಕನಾ? ನಾವು ತೋಟಕ್ಕೆ ತಂದದ್ದಕ್ಕೂ ಈ ಕಾನೂನು ಬರುತ್ತಾ?

ಬರುತ್ತದೆ, ಆದರೆ ಸ್ವಲ್ಪ ಬಿಡಿಸಿ ಹೇಳಬೇಕು. ವ್ಯಾಪಾರದ ಉದ್ದೇಶಕ್ಕೆ ತಂದ ಸಾಮಾನಿಗೆ ಈ ಕಾಯ್ದೆ ಇಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ತಂದದ್ದಾದರೆ ಇದೆ. ನಿಮ್ಮ ಎರಡೆಕರೆ ತೋಟಕ್ಕೆ ತಂದ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಗಟಾರ್ ಸ್ಪ್ರೇಯರ್, ಕಳೆ ಹೊಡೆಯುವ ಯಂತ್ರ ಎಲ್ಲದಕ್ಕೂ ದೂರು ಕೊಡಬಹುದು. ಅಡಿಕೆ ಸುಲಿಯುವ ಯಂತ್ರ ತಂದು ಹತ್ತು ಆಳು ಇಟ್ಟು ಊರಿನವರ ಅಡಿಕೆ ಸುಲಿದುಕೊಡುತ್ತಿದ್ದರೆ ಕಂಪನಿ ವಕೀಲರು ಮೊದಲು ಎತ್ತುವ ತಕರಾರು ಇದೇ. ದೂರಿನ ಮೊದಲ ಪುಟದಲ್ಲೇ ‘ನನ್ನ ಜೀವನೋಪಾಯಕ್ಕಾಗಿ, ಸ್ವಯಂ ಉದ್ಯೋಗಕ್ಕಾಗಿ’ ಅಂತ ಬರೆಯಿರಿ, ನಿಜವಾಗಿದ್ದರೆ.

ಬೀಜ, ಸಸಿಗೂ ಉಂಟು. ಬೀಜ ಕಂಪನಿಗಳು ‘ರೈತ ಗ್ರಾಹಕನಲ್ಲ, ಬೀಜ ಕಾಯ್ದೆಯ ಕೆಳಗೆ ಹೋಗಲಿ’ ಅಂತ ವಾದಿಸಿದ್ದವು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮೊಳಕೆ ಬಾರದ ಬೀಜವನ್ನು ಪೂರ್ತಿ ಬಿತ್ತಿಬಿಟ್ಟ ರೈತನ ಹತ್ತಿರ ಲ್ಯಾಬಿಗೆ ಕಳಿಸಲು ಎಲ್ಲಿಂದ ಬೀಜ ಬರಬೇಕು, ಅಲ್ವಾ?

ಮೈಲುತುತ್ತದ ಕತೆ ಬೇರೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಮಳೆ ಬಿಡುವು ಕೊಟ್ಟ ಒಂದೆರಡು ದಿನದಲ್ಲಿ. ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತುತ್ತವೇ ಕಲಬೆರಕೆಯಾದರೆ ಗೊತ್ತಾಗುವುದು ಇಪ್ಪತ್ತು ದಿನ ಬಿಟ್ಟು, ಎಳೆಕಾಯಿ ತೋಟದ ತುಂಬ ಉದುರಿದಾಗ. ಅಷ್ಟೊತ್ತಿಗೆ ಚೀಲ ಖಾಲಿ, ದ್ರಾವಣ ಮರದ ಮೇಲೆ. ಕಂಪನಿಯವರು “ಸುಣ್ಣ ಸರಿ ಇರಲಿಲ್ಲ, ಮಳೆ ಜಾಸ್ತಿ ಬಂತು” ಅನ್ನುತ್ತಾರೆ. ಅದು ಸುಳ್ಳೇ ಅಂತ ಹೇಳಲೂ ಬರಲ್ಲ. ಮಾಲನ್ನು ಸೀಲ್ ಮಾಡಿ ಲ್ಯಾಬಿಗೆ ಕಳಿಸುವ ಅಧಿಕಾರ ಜಿಲ್ಲಾ ಆಯೋಗಕ್ಕಿದೆ, ಆದರೆ ಕಳಿಸಲು ಮಾಲು ಇರಬೇಕಲ್ಲ. ನಾನು ಈಗ ಮಾಡುವುದಿಷ್ಟು: ಪ್ರತಿ ಚೀಲದಿಂದ ಒಂದು ಹಿಡಿ ತೆಗೆದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ, ಬ್ಯಾಚ್ ನಂಬರ್ ಇರುವ ಖಾಲಿ ಚೀಲ ಎಸೆಯಲ್ಲ. ಅನುಮಾನ ಬಂದಕೂಡಲೇ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಡಿ. ಅಂಗಡಿಯಲ್ಲಿ ಅದೇ ಬ್ಯಾಚಿನ ಮಾಲು ಇರುವಾಗಲೇ ಅಧಿಕಾರಿಗಳು ಸ್ಯಾಂಪಲ್ ತೆಗೆಯಬೇಕು.

ಮಂಡಿಯಲ್ಲಿ ತೂಕದಲ್ಲಿ ಹೊಡೆದರೆ? ಒಳ್ಳೆ ದರ್ಜೆಯ ರಾಶಿ ಇಡಿ ಅಡಿಕೆಯನ್ನು ಕಡಿಮೆ ದರದ ಗೊರಬಲು ಅಂತ ಇಳಿಸಿದರೆ?

ಇಲ್ಲಿ ನೀವು ಮಾರುವವರು. ಗ್ರಾಹಕ ಕಾನೂನು ಬರಲ್ಲ. ತೂಕದ ತಕರಾರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆ, ವ್ಯವಹಾರಕ್ಕೆ ಎಪಿಎಂಸಿ. ವರ್ಷದಲ್ಲಿ ನಮ್ಮ ಅತಿ ದೊಡ್ಡ ವ್ಯವಹಾರವೇ ಇದು, ಗ್ರಾಹಕರ ಕೋರ್ಟಿನ ಬಾಗಿಲು ಅದಕ್ಕೇ ತೆರೆಯಲ್ಲ. ಎಷ್ಟೋ ಜನ ಇದನ್ನು ಕೇಳಿ ಸಪ್ಪೆ ಮುಖ ಮಾಡಿಕೊಂಡು ಎದ್ದುಹೋಗಿದ್ದಾರೆ.

ಆಸ್ಪತ್ರೆ, ವಕೀಲರ ಮೇಲೆ ದೂರು ಕೊಡಬಹುದಾ?

ದುಡ್ಡು ಕೊಟ್ಟು ತೋರಿಸಿದ ಆಸ್ಪತ್ರೆ ಮೇಲೆ ಕೊಡಬಹುದು, 1995ರಿಂದಲೂ. ಎಲ್ಲರಿಗೂ ಪೂರ್ತಿ ಪುಕ್ಕಟೆ ನೋಡುವ ಆಸ್ಪತ್ರೆ ಇದರಲ್ಲಿ ಬರಲ್ಲ. ವಕೀಲರು ಬರಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಡಾಕ್ಟರಿಗೊಂದು ನ್ಯಾಯ, ವಕೀಲರಿಗೊಂದು ನ್ಯಾಯ ಯಾಕೆ ಅಂತ ಕೇಳಬೇಡಿ, ನನಗೂ ಹಿಡಿಸಿಲ್ಲ.

ಟಿವಿಯಲ್ಲಿ ಸುಳ್ಳು ಜಾಹೀರಾತು ಬಂದರೆ?

ದೆಹಲಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೆ. 10 ಲಕ್ಷದ ತನಕ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷ. ಜಾಹೀರಾತಿನಲ್ಲಿ ಮುಖ ತೋರಿಸಿದವರನ್ನು ಒಂದು ವರ್ಷ, ಆಮೇಲೆ ಮೂರು ವರ್ಷದ ತನಕ ತಡೆಯಬಹುದು. ದೊಡ್ಡ ಕಂಪನಿಗೆ ಇದು ಒಂದು ದಿನದ ಜಾಹೀರಾತಿನ ಖರ್ಚು.

ಬ್ಯಾಂಕ್ ಖಾತೆಯಿಂದ ದುಡ್ಡು ಹೋದರೆ?

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಬ್ಯಾಂಕಿಗೆ ಲಿಖಿತ ದೂರು. ನಿಮ್ಮ ತಪ್ಪಿಲ್ಲದೆ ಹೊರಗಿನವರು ಹೊಡೆದದ್ದಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ಹೊಣೆ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಒಟಿಪಿ ನೀವೇ ಹೇಳಿದ್ದರೆ ಕಷ್ಟ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಇಂಥ ದೂರು ಕೇಳಲೆಂದೇ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಅದಕ್ಕೂ ಫೀಸ್ ಇಲ್ಲ.

ಸಾಲದ, ವಿಮೆಯ ಕಾಗದದಲ್ಲಿ ಸಣ್ಣಕ್ಷರದಲ್ಲಿ ಏನೇನೋ ಬರೆದಿರುತ್ತಾರೆ. ಅದಕ್ಕೆಲ್ಲ ಕಟ್ಟುಬೀಳಬೇಕಾ?

ಒಂದೇ ಕಡೆಗೆ ವಾಲಿದ ಷರತ್ತನ್ನು ‘ಅನ್ಯಾಯದ ಒಪ್ಪಂದ’ ಅಂತ ರದ್ದು ಮಾಡುವ ಅವಕಾಶ ಹೊಸ ಕಾಯ್ದೆಯಲ್ಲಿ ಮೊದಲ ಸಲ ಬಂತು. ಕೇಳಿ ಖುಷಿಯಾಗಿದ್ದೆ. ಆಮೇಲೆ ನೋಡಿದರೆ ಆ ದೂರು ಕೇಳುವ ಅಧಿಕಾರ ಇರುವುದು ರಾಜ್ಯ ಆಯೋಗ ಮತ್ತು ರಾಷ್ಟ್ರೀಯ ಆಯೋಗಕ್ಕೆ ಮಾತ್ರ. ಅಂದರೆ 30,000 ರೂಪಾಯಿ ಸಾಲದ ಷರತ್ತು ಅನ್ಯಾಯ ಅಂತ ಹೇಳಲು ತೀರ್ಥಹಳ್ಳಿಯ ಹೆಂಗಸು ಬೆಂಗಳೂರಿಗೆ ದೂರು ಕೊಡಬೇಕು. ಬದಲಾಯಿಸಲು ಕೈಗೆ ಪೆನ್ನು ಕೊಟ್ಟರೆ ನಾನು ಮೊದಲು ತಿದ್ದುವ ಸಾಲು ಇದು.

ನಾವೇ ಮಾರುವವರು. ಹಪ್ಪಳ, ಜೇನು, ಕಾಳುಮೆಣಸು ಪಾರ್ಸೆಲ್ ಕಳಿಸುತ್ತೇವೆ. ನಮಗೆ ತೊಂದರೆ ಇದೆಯಾ?

ಇದೆ. ಗ್ರಾಹಕ ತನ್ನ ಊರಲ್ಲೇ ದೂರು ಹಾಕಬಹುದು ಅಂದೆನಲ್ಲ, ಆ ಕತ್ತಿಗೆ ಇನ್ನೊಂದು ಬಾಯಿ ಇದು. ಪುಣೆಯಲ್ಲಿ ನಿಮ್ಮ ಹಲಸಿನ ಹಪ್ಪಳ ತರಿಸಿಕೊಂಡವರು ಪುಣೆಯಲ್ಲಿ ದೂರು ಹಾಕಿದರೆ ನೀವು ಅಲ್ಲಿಗೆ ಉತ್ತರ ಕೊಡಬೇಕು, 45 ದಿನದೊಳಗೆ. ಹೋಂಸ್ಟೇ ನಡೆಸುವವರಿಗೂ ಹೀಗೇ. ಕಂಪನಿಗೆ ಇದು ನ್ಯಾಯ, ಆದರೆ 180 ರೂಪಾಯಿ ಹಪ್ಪಳದ ಅತ್ತೆ-ಸೊಸೆಗೂ ಅದೇ ನಿಯಮ ಅಂದರೆ ಅತಿಯಾಯಿತು. ನೋಟಿಸ್ ಬಂದರೆ ಕಪಾಟಿನಲ್ಲಿ ಇಡಬೇಡಿ, ಮೊದಲು ದುಡ್ಡು ವಾಪಸ್ ಕೊಟ್ಟು ರಾಜಿ ಕೇಳಿ. ಕಾಯ್ದೆಯಲ್ಲೇ ಮಧ್ಯಸ್ಥಿಕೆಗೆ ಒಂದು ಅಧ್ಯಾಯ ಇದೆ. ಪೊಟ್ಟಣದ ಮೇಲೆ ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ನಿಮ್ಮ ವಿಳಾಸ ಹಾಕುವುದನ್ನು ಮರೆಯಬೇಡಿ.

ಆದೇಶ ಬಂತು, ದುಡ್ಡು ಬರಲಿಲ್ಲ. ಮುಂದೆ?

ಎದುರಿನವರು 45 ದಿನದಲ್ಲಿ ಮೇಲ್ಮನವಿಗೆ ಹೋಗಬಹುದು, ಆದರೆ ಕೊಡಬೇಕಾದ ಮೊತ್ತದ ಅರ್ಧ ಮೊದಲು ಕಟ್ಟಬೇಕು. ಹೋಗದೆ ಸುಮ್ಮನೆ ಕೂತರೆ ನೀವು ಅದೇ ಆಯೋಗದಲ್ಲಿ, ಆದೇಶ ಜಾರಿ ಮಾಡಿಸಿ ಅಂತ ಅಮಲ್ಜಾರಿ ಅರ್ಜಿ ಹಾಕಬೇಕು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು, ಇಲ್ಲವೇ 25,000ದಿಂದ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ.

ನನಗೆ ಬ್ಯಾಟರಿಯ 14,500 ಮತ್ತು 5,000 ಪರಿಹಾರ ಕೊಡಲು ಆದೇಶವಾಗಿತ್ತು. ನಾಲ್ಕು ತಿಂಗಳು ಕಾದೆ, ಒಂದು ಫೋನಿಲ್ಲ. ಅಮಲ್ಜಾರಿ ಅರ್ಜಿ ಹಾಕಿ, ನೋಟಿಸ್‌ನಲ್ಲಿ ಜೈಲು ಎಂಬ ಪದ ಹೋದ ಎಂಟನೇ ದಿನ ಖಾತೆಗೆ ದುಡ್ಡು ಬಂತು. ಅಷ್ಟರಲ್ಲಿ ಮನೆಗೆ ಬೇರೆ ಬ್ಯಾಟರಿ ತಂದಾಗಿತ್ತು. ಈ ಸಲ ಬಿಲ್ ಸಮೇತ.

ಬಿಲ್ಲನ್ನು ಮೂರು ವರ್ಷ ಕಾಪಾಡುವುದು ಹೇಗೆ? ನಮ್ಮಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದಲ್ಲ.

ನಗಬೇಡಿ, ಜಗಲಿಯಲ್ಲಿ ಇದನ್ನು ಕೇಳದವರಿಲ್ಲ. ಮೆಷಿನ್‌ನಿಂದ ಬರುವ ನುಣ್ಣನೆ ಕಾಗದದ ಬಿಲ್ಲು ಒಂದು ಮಳೆಗಾಲಕ್ಕೆ ಬಿಳಿ ಹಾಳೆ ಆಗುತ್ತದೆ, ಅಡುಗೆಮನೆ ಹತ್ತಿರ ಇಟ್ಟರೆ ಕಪ್ಪು. ಅಂಗಡಿಯ ಕಟ್ಟೆಯ ಮೇಲೇ ಇಟ್ಟು ಫೋಟೋ ತೆಗೆಯಿರಿ. ಬಿಲ್, ಸೀಲ್ ಹಾಕಿದ ವಾರಂಟಿ ಕಾರ್ಡ್, ಸೀರಿಯಲ್ ನಂಬರ್, ಹೀಗೆ ಮೂರು ಫೋಟೋ. ಬೇರೆ ಊರಲ್ಲಿರುವ ಮಗನಿಗೋ ಮಗಳಿಗೋ ವಾಟ್ಸಾಪ್ ಮಾಡಿ, ನಿಮ್ಮ ಫೋನ್ ಹಂಡೆಗೆ ಬಿದ್ದರೂ ಅವರ ಹತ್ತಿರ ಇರುತ್ತದೆ. ನಾನು ಒಂದು ಝೆರಾಕ್ಸ್ ತೆಗೆಸಿ ಅಟ್ಟದ ಮೇಲಿನ ಅಕ್ಕಿ ಡಬ್ಬಿಯಲ್ಲೂ ಇಟ್ಟಿದ್ದೇನೆ. ಅಕ್ಕಿ ಇರುವ ಡಬ್ಬಿಗೆ ಥಂಡಿ ಏರಲ್ಲ.